ನಳಿಗೆಯೊಳಗಿನ ರಕ್ಷೆ

ಕೋವಿಯ ನಳಿಗೆಗೆ ಬಟ್ಟೆ ತುರುಕಿದ್ದು ನಾನು, ನಾಣಯ್ಯಣ್ಣ. ನೀವಲ್ಲ. ಒಳಗೇ ಮರೆತುಬಿಟ್ಟೆನೆಂದು ಎರಡು ವರ್ಷದಿಂದ ನೀವು ಕೊರಗುತ್ತಿರುವ ಆ ಒರೆಸುವ ಚಿಂದಿ ಅಲ್ಲಿ ಇರಲೇ ಇಲ್ಲ. ಇದ್ದದ್ದು ನಮ್ಮ ದೇವರ ಗೂಡಿನ ಅರಿಶಿನದ ಬಟ್ಟೆ.

ಅವತ್ತು ನಿಮ್ಮ ಫೋನ್ ಬಂದಾಗ ನಾನು ಹುಣಸೆಹಣ್ಣು ಹಚ್ಚಿ ದೀಪದ ಕಂಬ ಉಜ್ಜುತ್ತಿದ್ದೆ. ದಸರಾ ಮುಗಿದ ಭಾನುವಾರ. ಟೊರೆನ್ಸಿನ ನಮ್ಮ ಬೀದಿಯಲ್ಲಿ ಎದುರು ಮನೆಯ ಹುಲ್ಲಿಗೆ ನೀರು ಚಿಮ್ಮುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕೈತುಂಬ ಹುಳಿ, ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ.

“ಲಲಿತಾ, ಹೆದರಬೇಡಿ,” ಎಂದಿರಿ. ಹಾಗೆಂದರೆ ಹೆದರದ ತಾಯಿ ಎಲ್ಲಿದ್ದಾಳೆ? “ನಿಧಿಗೆ ಕೆನ್ನೆಗೆ ಏಟಾಗಿದೆ. ಕಣ್ಣಿಗೆ ಏನೂ ಆಗಿಲ್ಲ, ದೇವರಾಣೆ. ಆಸ್ಪತ್ರೆಗೆ ಕರಕೊಂಡು ಬಂದಿದ್ದೇನೆ. ಗುಂಡು ಹಾರಿಸುವಾಗ ನಳಿಗೆ ಸೀಳಿಹೋಯ್ತು. ತಪ್ಪು ನನ್ನದು. ಅವತ್ತು ಕ್ಲೀನ್ ಮಾಡಿದ ಬಟ್ಟೆ ಒಳಗೇ ಬಿಟ್ಟಿದ್ದೆ ಅಂತ ಕಾಣ್ತದೆ. ಬೆಳಿಗ್ಗೆ ನಳಿಗೆ ಒಳಗೆ ನೋಡಬೇಕಿತ್ತು, ನೋಡ್ಲಿಲ್ಲ —”

ನಾನು ಆಡಬೇಕಿದ್ದ ಮಾತು ಒಂದೇ ಇತ್ತು. ನನ್ನ ಬಾಯಿಂದ ಬಂದದ್ದು ಬೇರೆ.

“ಅಯ್ಯೋ, ನೋಡ್ಕೋಬಾರದಿತ್ತಾ ನೀವು? ನಿಮ್ಮನ್ನ ನಂಬಿ ಮಗಳನ್ನ ಕಳಿಸಿದ್ದೆನಲ್ಲ!”

ನೀವು ಆಸ್ಪತ್ರೆಯ ವಿಳಾಸ ಹೇಳಿ ಫೋನ್ ಇಟ್ಟಿರಿ.

ಮೊದಲಿನಿಂದ ಹೇಳುತ್ತೇನೆ. ಇದರಲ್ಲಿ ಅರ್ಧ ನಿಮಗೆ ಗೊತ್ತು — ಆದರೆ ನನ್ನ ಭಯ ಎಲ್ಲಿಂದ ಶುರುವಾಯಿತೆಂಬುದು ಗೊತ್ತಿಲ್ಲ. ನಿಧಿ ಊಟದ ಮೇಜಿನಲ್ಲಿ, “ಅಮ್ಮಾ, ಮೀಟ್ ತಿನ್ನೋದಾದ್ರೆ ಅದು ಎಲ್ಲಿಂದ ಬರತ್ತೆ ಅಂತ ಕಣ್ಣಾರೆ ನೋಡ್ಬೇಕು. ಐ ವಾಂಟ್ ಟು ಹಂಟ್,” ಎಂದಳು. ನಮ್ಮವರು ನಕ್ಕು, “ಹಂದಿ ತಿನ್ನೋಳು ಹಂದಿ ಹೊಡೀಲಿ ಬಿಡೇ,” ಎಂದರು. ನಾನು ತಟ್ಟೆ ಎತ್ತಿಕೊಂಡು ಎದ್ದೆ. ನಮ್ಮ ಮನೆದೇವರು ತಿರುಪತಿ ತಿಮ್ಮಪ್ಪ. ಬೆಟ್ಟ ಹತ್ತಿದವರು ಮೊದಲು ವರಾಹಸ್ವಾಮಿಗೆ ಕೈಮುಗಿದು ಆಮೇಲೆ ಅವನ ಮುಂದೆ ನಿಲ್ಲಬೇಕು. ಅಂಥ ಮನೆಯ ಹುಡುಗಿ ಹಂದಿಗೆ ಗುರಿಯಿಡುವುದೆಂದರೆ — ದೇವರು ಒಂದು ಕಡೆ, ಕೋವಿ ಇನ್ನೊಂದು ಕಡೆ. ಯಾವುದಕ್ಕೆ ಹೆಚ್ಚು ಹೆದರಿದೆನೋ ಇವತ್ತಿಗೂ ತಿಳಿಯದು.

ಅವಳಿಗೆ ಕಲಿಸಲು ಸ್ಯಾನ್ ಡಿಯೇಗೊದಲ್ಲಿರುವ ನೀವು, ನಮ್ಮವರ ಹಳೆಯ ಗೆಳೆಯರು, ಒಪ್ಪಿಕೊಂಡಿರಿ. ಕೊಡಗಿನವರು, ಕೋವಿಯ ಜೊತೆಯಲ್ಲೇ ಬೆಳೆದವರು. ನಿಮಗಿಂತ ಒಳ್ಳೆಯ ಗುರು ಸಿಗುತ್ತಿರಲಿಲ್ಲ. ನಿಧಿ ಬೇಟೆಯ ಪಾಠ ಓದಿ ಪರೀಕ್ಷೆ ಪಾಸಾದಳು, ಲೈಸೆನ್ಸ್ ತೆಗೆದುಕೊಂಡಳು. ಕೋವಿ ಆರಿಸಲು ಹೋದ ದಿನ ನಾನೂ ಅಂಗಡಿಗೆ ಬಂದಿದ್ದೆ, ನೆನಪಿದೆಯೇ? ನಿಧಿ ಒಂದನ್ನು ಎತ್ತಿ ಭುಜಕ್ಕಿಟ್ಟು ಇಳಿಸುವಳು, ಇನ್ನೊಂದನ್ನು ಎತ್ತುವಳು. “ಸೀರೆ ಅಂಗಡೀಲಿ ನಿಮ್ಮಮ್ಮನೂ ಹೀಗೇನಾ?” ಎಂದು ನೀವು ಕೇಳಿದಿರಿ. ಅವಳು ದಪ್ಪ ಗುಂಡಿನ ಒಂದು ಕೋವಿಗೆ ಮನಸೋತಳು. ನೀವು ಅದನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದಿಟ್ಟಿರಿ.

“ಇದು ಬೇಡ ಮಗಳೇ. ಭುಜಕ್ಕೆ ಒದೀತದೆ. ಒದ್ರೆ ನೀನು ಹೆದರ್ತೀಯ, ಹೆದರಿದ್ರೆ ಕಣ್ಣು ಮುಚ್ತೀಯ. ಕಣ್ಣು ಮುಚ್ಚಿ ಹೊಡೆದ ಗುಂಡು ಹಂದೀನ ಕೊಲ್ಲೋದಿಲ್ಲ, ನರಳಿಸ್ತದೆ.”

ಕೊನೆಗೆ ಅವಳ ತೋಳಿಗೆ ಸರಿಹೊಂದುವ, ಮಧ್ಯಮ ಗುಂಡಿನ, ಒಂದೊಂದೇ ಸಲ ಬೋಲ್ಟ್ ಎಳೆದು ಹಾರಿಸುವ ಕೋವಿ ಗೊತ್ತಾಯಿತು. ಹತ್ತು ದಿನ ಕಾದ ಮೇಲೆಯೇ ಕೈಗೆ ಕೊಡುತ್ತೇವೆ, ಅದೇ ಕಾನೂನು ಎಂದರು ಅಂಗಡಿಯವರು. ಹತ್ತು ದಿನ ಮನೆಗೆ ಬರುವುದಿಲ್ಲ ಎಂಬುದೇ ನನಗೆ ದೇವರು ಕೊಟ್ಟ ಸಣ್ಣ ಕೃಪೆ ಅನಿಸಿತು.

ಕೋವಿ ಮನೆಗೆ ಬಂದ ಮೇಲೆ ನೀವು ನಮ್ಮ ಗ್ಯಾರೇಜಿನಲ್ಲಿ ಕೂತು, ಉದ್ದ ಕಡ್ಡಿಯ ತುದಿಗೆ ಬಟ್ಟೆ ಸಿಕ್ಕಿಸಿ ನಳಿಗೆ ಒರೆಸುವುದನ್ನು ನಿಧಿಗೆ ಕಲಿಸಿದಿರಿ. ಆಮೇಲೆ ಕಾಫಿ ಕುಡಿಯುತ್ತಾ ನಿಮ್ಮೂರಿನ ಕೈಲ್‌ಪೊಳ್ದ್ ಹಬ್ಬದ ಮಾತು ತೆಗೆದಿರಿ — ಆವತ್ತು ಕೋವಿಗಳನ್ನೆಲ್ಲ ಸಾಲಾಗಿಟ್ಟು, ನಳಿಗೆಯ ಬಾಯಿಗೆ ಹೂವಿಟ್ಟು ಪೂಜೆ ಮಾಡುತ್ತೀರೆಂದು.

“ಹೂವು ಇಟ್ಟುಕೊಂಡೇ ಹಾರಿಸ್ತೀರಾ?” ಎಂದು ಕೇಳಿದ್ದೆ.

“ಇಲ್ಲಮ್ಮಾ, ಮೊದಲು ತೆಗೀತೇವೆ. ಇಲ್ಲಾಂದ್ರೆ ಆಮೇಲೆ ನಮ್ಮ ಫೋಟೋಗೇ ಹೂವು!”

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ಅಲ್ಲಿಗೇ ಮುಚ್ಚಿತು, ನಾಣಯ್ಯಣ್ಣ.

ಆಯುಧಪೂಜೆಯ ದಿನ ಚಾಕು, ಕತ್ತರಿ, ಮಿಕ್ಸಿ, ಕಾರಿನ ಕೀ, ನಮ್ಮವರ ಲ್ಯಾಪ್‌ಟಾಪ್ — ಎಲ್ಲದರ ಜೊತೆ ನಿಧಿ ಗುಂಡು ಹಾರದಂತೆ ಬೋಲ್ಟ್ ಕಳಚಿದ ಕೋವಿಯನ್ನೂ ಮಣೆಯ ಮೇಲೆ ಮಲಗಿಸಿ ಸ್ನಾನಕ್ಕೆ ಹೋದಳು. ನಾನು ಒಬ್ಬಳೇ. ಅದರ ಕಪ್ಪು ಬಾಯಿ ದೇವರ ಕಡೆಗೇ ತಿರುಗಿತ್ತು. ಅರಿಶಿನದ ಬಟ್ಟೆಯ ಮೂಲೆ ಕತ್ತರಿಸಿದೆ. ತಿರುಪತಿಯ ಕುಂಕುಮ, ನಾಲ್ಕು ಕಾಳು ಮಂತ್ರಾಕ್ಷತೆ ಇಟ್ಟು ಸುರುಳಿ ಸುತ್ತಿ, ಸ್ವೆಟರ್ ಹೆಣೆಯುವ ಕಡ್ಡಿಯಿಂದ ನಳಿಗೆಯ ಒಳಕ್ಕೆ ದೂಡಿದೆ. ಹೊರಗೆ ಕಟ್ಟಿದ್ದರೆ ನಿಧಿ ನಗುತ್ತಾ ಬಿಚ್ಚಿಬಿಡುತ್ತಿದ್ದಳು. ಬಟ್ಟೆ ಮೆತ್ತಗಿನದು, ಗುಂಡಿನ ಜೊತೆ ಹಾರಿಹೋಗುತ್ತದೆ, ಅಷ್ಟರವರೆಗೆ ಸ್ವಾಮಿ ಅವಳ ಜೊತೆಗಿರಲಿ ಎಂದುಕೊಂಡೆ.

ರಕ್ಷೆಗೆಂದು ಹಾಕಿದೆ — ಹೀಗೆ ಹೇಳಿ ನಿಲ್ಲಿಸಬಹುದಿತ್ತು. ಆದರೆ ಕಡ್ಡಿ ಒತ್ತುವಾಗ ಮನಸ್ಸಿನ ಮೂಲೆಯಲ್ಲಿ ಇನ್ನೊಂದೂ ಇತ್ತು. ಈ ಕೋವಿ ಕೆಟ್ಟುಹೋಗಲಿ. ಗುಂಡು ಹೊರಡದಿರಲಿ. ಅವಳು ಬೇಸತ್ತು ಬಿಟ್ಟುಬಿಡಲಿ. ದೇವರ ಹೆಸರಲ್ಲಿ ನಾನು ಒತ್ತಿದ್ದು ಅದನ್ನೂ —

ಆ ಭಾನುವಾರ ಸ್ಯಾನ್ ಡಿಯೇಗೊದ ಪೂರ್ವದ ಗುಡ್ಡಗಳ ಕಡೆ, ಗುರಿ ಅಭ್ಯಾಸದ ಬಯಲಿನಲ್ಲಿ, ಅವಳು ಹಾರಿಸಿದ ಮೊದಲ ಗುಂಡಿಗೇ ನಳಿಗೆ ಸೀಳಿತು. ಉಕ್ಕಿನ ಚೂರು ಕಣ್ಣಿನ ಕೆಳಗೆ ಕೆನ್ನೆಯನ್ನು ಕೊಯ್ದಿತು. ನೀವು ಹಟಹಿಡಿದು ಹಾಕಿಸಿದ ಕನ್ನಡಕ ಕಣ್ಣು ಉಳಿಸಿತು.

ನಿಮ್ಮ ಫೋನ್ ಇಟ್ಟ ಕೂಡಲೇ ನಾನು ಕಾರಿನ ಕೀ ಹುಡುಕಲಿಲ್ಲ. ಉಳಿದ ಅರಿಶಿನದ ಬಟ್ಟೆಯನ್ನು ಮಡಿಸಿ ಅಕ್ಕಿಡಬ್ಬದ ಕೆಳಗೆ ಬಚ್ಚಿಟ್ಟೆ. ಮಗಳು ಆಸ್ಪತ್ರೆಯಲ್ಲಿರುವಾಗ ತಾಯಿ ಮಾಡಿದ ಮೊದಲ ಕೆಲಸ ಅದು.

ಆಸ್ಪತ್ರೆಯಲ್ಲಿ ನೀವು ಗೋಡೆಗೆ ಒರಗಿ ನಿಂತಿದ್ದಿರಿ. ಅಂಗಿಯ ಮೇಲೆ ಅವಳ ರಕ್ತ. ಕೈಯಲ್ಲಿ ಸುಟ್ಟು ಕರಿಯಾದ ಬಟ್ಟೆಯ ಚೂರು. “ನೋಡಿ, ನನ್ನದೇ ಚಿಂದಿ,” ಎಂದು ನನ್ನ ಮುಂದೆ ಹಿಡಿದಿರಿ. ಅದರ ಅಂಚಿನಲ್ಲಿ ಒಂದಿಷ್ಟು ಹಳದಿ ಉಳಿದಿತ್ತು. ನಿಮಗೆ ಎಣ್ಣೆಯ ಕಲೆಯಾಗಿ ಕಂಡಿರಬೇಕು. ನನಗೆ ಗುರುತು ಸಿಕ್ಕಿತು. ನಾನು ತಲೆ ತಗ್ಗಿಸಿದೆ. ದುಃಖವೆಂದು ನೀವು ತಿಳಿದಿರಿ.

ಆಮೇಲೆ ದೇವಸ್ಥಾನದಲ್ಲಿ, ಕನ್ನಡದವರ ಮನೆಗಳಲ್ಲಿ, ಕೃಪೆಗಳನ್ನು ಎಣಿಸಿದೆ. ಕಣ್ಣು ಉಳಿಯಿತು. ಬೆರಳು ಉಳಿದವು. ಪಕ್ಕದಲ್ಲಿದ್ದವರಿಗೆ ಏನೂ ಆಗಲಿಲ್ಲ. ದೇವರು ಕಾಪಾಡಿದ ಎಂದು ಎಲ್ಲರಿಗೂ ಹೇಳಿದೆ. ಯಾರಿಂದ ಕಾಪಾಡಿದ ಎಂದು ಮಾತ್ರ ಹೇಳಲಿಲ್ಲ.

ನೀವು ನಿಮ್ಮ ಕೋವಿಗಳನ್ನೆಲ್ಲ ಮಾರಿದಿರಂತೆ. ಮಾರುವ ದಿನ ಹೇಗಿತ್ತೋ — ಊಹಿಸಲೂ ಹೆದರುತ್ತೇನೆ. ಹಬ್ಬದ ದಿನ ದೇವರ ಮುಂದೆ ಇಡಲು ಈಗ ನಿಮ್ಮ ಮನೆಯಲ್ಲಿ ಏನೂ ಇಲ್ಲ ಎಂದು ಕೇಳಿದೆ. ನಮ್ಮ ಮನೆಗೂ ನೀವು ಬರುವುದನ್ನು ಬಿಟ್ಟಿರಿ. ಹೋದ ವಾರ ನಿಧಿ ನಿಮಗೆ ಫೋನ್ ಮಾಡಿದ್ದಳು, ಮತ್ತೆ ಕಲಿಸಿ ಎಂದು ಕೇಳಲು. “ನನ್ನ ಕೈಗೆ ಆ ಯೋಗ್ಯತೆ ಇಲ್ಲ ಮಗಳೇ,” ಎಂದಿರಂತೆ. ಫೋನ್ ಇಟ್ಟು ಅವಳು ಅತ್ತಳು. ಕೆನ್ನೆ ಕೊಯ್ದಾಗಲೂ ಅಳದವಳು.

ಇವತ್ತು ಬೆಳಿಗ್ಗೆ ಅವಳಿಗೆ ಎಲ್ಲ ಹೇಳಿದೆ. ನನ್ನ ಕೆನ್ನೆಗೆ ಹೀಗೇಕೆ ಮಾಡಿದೆ ಎಂದು ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ. ಅವಳಾಡಿದ್ದು ಒಂದೇ ಮಾತು —

“ಎರಡು ವರ್ಷ ಅಂಕಲ್ ತನ್ನದೇ ತಪ್ಪು ಅನ್ಕೊಂಡಿದ್ರು. ಆಂಡ್ ಯು ಲೆಟ್ ಹಿಮ್, ಅಮ್ಮಾ?”

ಹೌದು. ಬಿಟ್ಟೆ.

ಭಾನುವಾರ ಸ್ಯಾನ್ ಡಿಯೇಗೊಗೆ ಬರುತ್ತೇನೆ. ನಿಧಿ ಡ್ರೈವ್ ಮಾಡುತ್ತಾಳೆ. ಅವಳು ಮಾತಾಡದಿದ್ದರೂ ಬರುತ್ತೇನೆ. ಕ್ಷಮಿಸಿ ಎಂದು ಕೇಳುವ ಧೈರ್ಯವಿಲ್ಲ. ಮೂಲೆ ಕತ್ತರಿಸಿದ ಆ ಬಟ್ಟೆಯನ್ನು ನಿಮ್ಮ ಕೈಗಿಡುತ್ತೇನೆ. ಕಣ್ಣಾರೆ ನೋಡಿ, ನಿಮ್ಮದಲ್ಲವೆಂದು. ಆಮೇಲೆ ನೀವು ಏನೆಂದರೂ ನಿಂತು ಕೇಳುತ್ತೇನೆ. ಬಟ್ಟೆಯನ್ನು ಹೊರಗೆ ತೆಗೆದಿಟ್ಟಿದ್ದೇನೆ. ಡಬ್ಬ ಸರಿಸುವಾಗ ಅಕ್ಕಿ ಚೆಲ್ಲಿ ಅಡುಗೆಮನೆಯ ನೆಲದ ತುಂಬ ಬಿದ್ದಿದೆ. ಈಗ ಎದ್ದು ಅದನ್ನು ಬಳಿಯುತ್ತೇನೆ.