ಖಾಲಿ ಹೊಟ್ಟೆಯ ಬೈಕು

ಬೀದಿಯವರೆಲ್ಲ ಅವಳನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಕೈ ಬಲು ಹಗುರ, ಬಾಯಿ ಮಾತ್ರ ಪೊಲೀಸಿನದು. ರಾತ್ರಿ ಎಷ್ಟು ಗಂಟೆಗೆ ಉಂಡಿರಿ, ಎದ್ದಮೇಲೆ ಏನಾದರೂ ಬಾಯಿಗೆ ಹಾಕಿದಿರಾ, ಒಂದು ಬಿಸ್ಕತ್ತೂ ಇಲ್ಲವಾ ಎಂದೆಲ್ಲ ಕೇಳಿ ಮುಗಿಯುವವರೆಗೆ ಸೂಜಿ ಹೊರಗೆ ಬರುತ್ತಿರಲಿಲ್ಲ. ತಿಂದವರು ಯಾರೂ ತಿಂದೆ ಎಂದು ಒಪ್ಪಿಕೊಳ್ಳುವುದಿಲ್ಲ ಎನ್ನುವುದು ಇಪ್ಪತ್ತು ವರ್ಷದಲ್ಲಿ ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು.

ಊರಾಚೆಯ ಬಡಾವಣೆಗೆ ಎರಡು ಬಸ್ಸು ಬದಲಿಸಬೇಕು. ಒಂದು ಕೈಕೊಟ್ಟರೂ ಮುಗಿಯಿತು, ರಕ್ತ ಲ್ಯಾಬು ಸೇರುವಷ್ಟರಲ್ಲಿ ಕೆಟ್ಟು, ಮರುದಿನ ಅದೇ ತೋಳಿಗೆ ಮತ್ತೆ ಚುಚ್ಚಬೇಕು. ಅಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿ ಇದ್ದಳು. ಅವಳ ನರ ಸೂಜಿಯಕ್ಕನ ಬೆರಳಿಗೆ ಬಿಟ್ಟರೆ ಯಾರಿಗೂ ಸಿಗುತ್ತಿರಲಿಲ್ಲ. ಬಸ್ಸಿನ ದಯೆಯಿಂದ ಅಜ್ಜಿ ಒಂಬತ್ತೂವರೆಯವರೆಗೆ ಹಸಿದುಕೊಂಡು ಕೂತಿರಬೇಕಿತ್ತು. ಒಂದು ದಿನ ಹಾಗೆ ಕೂತವಳು ತಲೆ ಸುತ್ತಿ ಕುರ್ಚಿಯಲ್ಲೇ ವಾಲಿದಳು. ಲ್ಯಾಬಿನ ಮೇಲ್ವಿಚಾರಕಿ ಆವತ್ತೇ ಹೇಳಿಬಿಟ್ಟಳು, ಬರುವ ಒಂದನೇ ತಾರೀಖಿನೊಳಗೆ ಗಾಡಿ ಮಾಡಿಕೊಳ್ಳದಿದ್ದರೆ ಆ ಬಡಾವಣೆ ಬೇರೆಯವರಿಗೆ. ಬೇರೆಯವರೆಂದರೆ ಯಾರು? ಅಜ್ಜಿಗೆ ನಾಲ್ಕು ಕಡೆ ಚುಚ್ಚಿ ಬರಿಗೈಯಲ್ಲಿ ಬಂದಿದ್ದ ಆಸಾಮಿಯೇ.

ಕೂಡಿಟ್ಟದ್ದನ್ನೆಲ್ಲ ಬಳಿದರೆ ಷೋರೂಮಿನಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯ ಹೊಸ ಬೈಕು ಬರುತ್ತಿತ್ತು. ಹಳೆಯದನ್ನು ಕೊಂಡರೆ ಅರ್ಧ ಉಳಿಯುತ್ತಿತ್ತು, ಗಂಡನಿಗೆ ಹಲ್ಲು ಕಟ್ಟಿಸಬಹುದಿತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಆ ಮನುಷ್ಯ ಎರಡು ವರ್ಷದಿಂದ ಒಂದೇ ದವಡೆಯಲ್ಲಿ ಅಗಿಯುತ್ತಿದ್ದ. ಹಳೆಯದೇ ಸರಿ ಎಂದು ಅವಳು ಟೊಂಕ ಕಟ್ಟಿ ನಿಂತಳು. ತಮ್ಮನ ಬೈಕಿನಲ್ಲಿ ಓಡಿಸುವುದನ್ನು ಕಲಿತಿದ್ದಳೇ ಹೊರತು ಎಂಜಿನ್ನಿನ ಒಳಗೇನಿದೆ ಎಂದು ದೇವರಾಣೆಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಎದುರಿಗೆ ಬಂದರೆ ಅವಳಿಗೆ ನಿದ್ದೆಯೇ ಹತ್ತುವುದಿಲ್ಲ. ಒಂದು ವಾರ ತಮ್ಮನ ತಲೆ ತಿಂದಳು. ತಣ್ಣಗಿರುವ ಗಾಡಿ ಮಾತ್ರ ತನ್ನ ರೋಗ ಬಾಯಿಬಿಡುತ್ತದೆ, ಬಿಸಿ ಮಾಡಿಟ್ಟ ಗಾಡಿ ಎಂಥವರಿಗೂ ಟೋಪಿ ಹಾಕುತ್ತದೆ ಎಂದು ಅವನು ಹೇಳಿದಾಗ ಅವಳ ಕಿವಿ ನೆಟ್ಟಗಾಯಿತು. ಅಯ್ಯೋ, ಇದು ನಮ್ಮ ಕಸುಬೇ ಅಲ್ಲವೇ ಎನ್ನಿಸಿತು.

ಮರುದಿನ ಆರೂವರೆಗೇ ಹಳೆ ಗಾಡಿ ಮಾರುವ ದಲ್ಲಾಳಿಯ ಷೆಡ್ಡಿಗೆ ಹೋದಳು. ಅವನು ಒಂದು ಕೆಂಪು ಬೈಕಿನ ಗುಣಗಾನ ಶುರುಮಾಡಿದ. ಡಾಕ್ಟರು ಓಡಿಸುತ್ತಿದ್ದದ್ದು, ಮಳೆಯನ್ನೇ ಕಂಡಿಲ್ಲ, ಹೋದ ವಾರದಿಂದ ಯಾರೂ ಮುಟ್ಟಿಯೇ ಇಲ್ಲ. ಅವಳು ಜ್ವರ ನೋಡುವಂತೆ ಅಂಗೈಯ ಹಿಂಭಾಗವನ್ನು ಎಂಜಿನ್ನಿಗೆ ತಾಗಿಸಿದಳು.

“ಇದು ಆಗ್ಲೇ ತಿಂಡಿ ತಿಂದಿದೆ ಕಣಪ್ಪಾ,” ಎಂದಳು.

ದಲ್ಲಾಳಿಯ ಮುಖ ಹುಳ್ಳಗಾಯಿತು. ಅಲ್ಲಿಂದ ಮುಂದೆ ಅವಳಿಗೆ ಅದೇ ಹುಚ್ಚು ಹಿಡಿಯಿತು. ಹತ್ತು ದಿನದಲ್ಲಿ ಏಳು ಬೈಕು ಮುಟ್ಟಿ ನೋಡಿದಳು, ಐದು ತಿಂಡಿ ತಿಂದಿದ್ದವು, ಉಳಿದೆರಡು ಹತ್ತಲೇ ಇಲ್ಲ. ಇವಳು ಗಾಡಿ ಕೊಳ್ಳುತ್ತಾಳೋ ಎಲ್ಲ ಗಾಡಿಗಳಿಗೂ ರಿಪೋರ್ಟು ಬರೆಯುತ್ತಾಳೋ ಎಂದು ಗಂಡ ನಗುತ್ತಿದ್ದ.

ಎಂಟನೆಯದು ಒಬ್ಬ ನಿವೃತ್ತ ಮೇಷ್ಟರದು. ಎಂಜಿನ್ನು ಕಲ್ಲಿನಷ್ಟು ತಣ್ಣಗಿತ್ತು. ಯಾವಾಗ ಬಿದ್ದಿತ್ತು, ಏನು ಬದಲಿಸಿದಿರಿ ಎಂದು ಕೇಳಿದ್ದಕ್ಕೆಲ್ಲ ಮೇಷ್ಟರು ಒಂದೂ ಮುಚ್ಚಿಡದೆ ಹೇಳಿದರು. ಕಣ್ಣು ಮಂಜಾಗಿದೆ, ಅದಕ್ಕೇ ಮಾರುತ್ತಿದ್ದೇನೆ ಎಂದರು. ಒದ್ದರು, ಹತ್ತಲಿಲ್ಲ. ಏಳನೆಯ ಒದೆಗೆ ಹತ್ತಿಕೊಂಡಿತು, ಆಮೇಲೆ ಅದರ ಸದ್ದು ಕೇಳುವುದೇ ಒಂದು ಸುಖ. ಅವಳಿಗೆ ಆ ಬೈಕು ತುಂಬಾ ಹಿಡಿಸಿತು. ಗಂಡ ಎರಡೂ ದವಡೆಯಲ್ಲಿ ಅಗಿಯುವುದು ಕಣ್ಣಿಗೆ ಕಟ್ಟಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ, ದಿನಾ ಹೀಗೇನಾ ಎಂದು ಕೇಳಿಬಿಟ್ಟಳು.

“ಬೆಳಗ್ಗೆ ಮಾತ್ರ ಸ್ವಲ್ಪ ಹಟ ಮಾಡತ್ತಮ್ಮಾ. ಒಂದೊಂದು ದಿನ ಅರ್ಧ ಗಂಟೆನೂ ಆಗತ್ತೆ. ಒಂದ್ಸಲ ಹತ್ತಿಕೊಂಡ್ರೆ ಸಾಯಂಕಾಲದವರೆಗೂ ಚಿಂತೆ ಇಲ್ಲ.”

ಅವಳು ಸೀಟಿನ ಮೇಲಿದ್ದ ಕೈ ತೆಗೆಯಲಿಲ್ಲ. ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು.

“ನಂಗೆ ಬೇಕಾಗಿರೋದು ಬೆಳಗ್ಗೆ ಮಾತ್ರ, ಮೇಷ್ಟ್ರೇ,” ಎಂದಳು.

ಮನೆಗೆ ಬಂದು ಗಂಡನಿಗೆ ವಿಷಯ ಹೇಳಿದಳು. ಒಂದನೇ ತಾರೀಖು ಹತ್ತಿರ ಬಂತು, ಇನ್ನು ಹೊಸದನ್ನೇ ಕೊಳ್ಳಬೇಕಾಗುತ್ತದೆ, ನಿನ್ನ ಹಲ್ಲಿಗೆ ಏನೂ ಉಳಿಯುವುದಿಲ್ಲ ಎನ್ನುವಾಗ ಅವಳಿಗೆ ಅಳುವೇ ಬಂತು. ಅವನು ಇಸ್ತ್ರಿ ಮಾಡಿದ ಅಂಗಿಯಂತೆ ಮಾತನ್ನೂ ಮಡಚಿಟ್ಟ.

“ಉದುರಿರೋ ಹಲ್ಲು ಇನ್ನೆಲ್ಲಿಗೆ ಹೋಗತ್ತೆ? ಕಾಯತ್ತೆ ಬಿಡು.”

ಒಂದನೇ ತಾರೀಖು ಹೊಸ ಬೈಕು ಗುಂಡಿ ಒತ್ತಿದೊಡನೆ ಹತ್ತಿಕೊಂಡಿತು. ಅಜ್ಜಿಯ ಮನೆ ತಲುಪಿದಾಗ ಇನ್ನೂ ಏಳಾಗಿರಲಿಲ್ಲ. ಹಾಸಿಗೆಯಿಂದ ಎದ್ದು ಬಂದು ಬಾಗಿಲು ತೆಗೆದ ಅಜ್ಜಿ, ಇಷ್ಟು ಬೇಗ ಬಂದು ಯಾರಾದರೂ ನಿದ್ದೆ ಕೆಡಿಸುತ್ತಾರೆಯೇ ಎಂದು ಗೊಣಗುತ್ತಲೇ ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ನರ ಮೊದಲ ಸಲಕ್ಕೇ ಸಿಕ್ಕಿತು. ಸೂಜಿಯಕ್ಕ ಹತ್ತಿ ಒತ್ತಿಟ್ಟು ಡಬ್ಬಿ ಮುಚ್ಚಿದರೂ ಅಜ್ಜಿ ಕುರ್ಚಿಯಿಂದ ಏಳಲಿಲ್ಲ. ಗೋಡೆಯ ಗಡಿಯಾರ ನೋಡಿದಳು, ಇವಳನ್ನು ನೋಡಿದಳು, ನಂಬಿಕೆ ಬಾರದೆ ಮತ್ತೆ ಗಡಿಯಾರ ನೋಡಿದಳು.

“ಆಯ್ತಾ? ಈಗ್ಲೇ ತಿನ್ನಬಹುದಾ?”

“ತಿನ್ನಿ ಅಜ್ಜಿ,” ಎಂದಳು ಸೂಜಿಯಕ್ಕ.