ಕೋಣೆಯಲ್ಲಿ ಆಡಿದ್ದೆಲ್ಲ

ನಮ್ಮ ಚಿಕ್ಕಮ್ಮನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ನನ್ನ ಮದುವೆಯ ಮಾತು ನನಗಿಂತ ಮೊದಲು ಓಣಿಗೆಲ್ಲ ಗೊತ್ತಾದದ್ದು ಅವಳ ದಯೆಯಿಂದ. ಅಂಥವಳಿಗೆ ದುಭಾಷಿಯ ಕೆಲಸ ಸಿಕ್ಕಾಗ ಚಿಕ್ಕಪ್ಪ, "ಸದ್ಯ, ಇನ್ಮೇಲೆ ಮಾತಾಡೋಕೆ ಸಂಬಳನಾದ್ರೂ ಬರುತ್ತೆ" ಎಂದು ಕೈಮುಗಿದಿದ್ದರು.

ಕಾಗದಪತ್ರ ಸರಿಯಿಲ್ಲವೆಂದು ಹಿಡಿದ ಹೊರದೇಶದವರನ್ನು ಕೂಡಿಹಾಕುವ ಕಟ್ಟಡದಲ್ಲಿ ಅವಳ ಕೆಲಸ. ಎರಡನೇ ಮಹಡಿಯಲ್ಲಿ ವಿಚಾರಣೆಯ ಕೋಣೆ. ಕಿಟಕಿಯಿಲ್ಲ, ಕುರ್ಚಿಗಳನ್ನು ನೆಲಕ್ಕೆ ಬಿಗಿದಿದ್ದಾರೆ. ನ್ಯಾಯಾಧಿಕಾರಿ ಎತ್ತರದಲ್ಲಿ, ಅವರ ಮುಂದೆ ಸರ್ಕಾರದ ವಕೀಲ, ಬಲಕ್ಕೆ ಬಂಧಿ, ಬಂಧಿಯ ಕಿವಿಯ ಪಕ್ಕ ಚಿಕ್ಕಮ್ಮ. ಕೆಲಸಕ್ಕೆ ಸೇರಿದ ದಿನ ಮಾಡಿದ ಪ್ರಮಾಣ ಅವಳಿಗೆ ಬಾಯಿಪಾಠ: ಕೋಣೆಯಲ್ಲಿ ಆಡಿದ್ದನ್ನೆಲ್ಲ ಹೇಳುತ್ತೇನೆ, ಏನನ್ನೂ ಸೇರಿಸುವುದಿಲ್ಲ, ಏನನ್ನೂ ಬಿಡುವುದಿಲ್ಲ. ಉಳಿದ ದುಭಾಷಿಗಳು ಬಂಧಿಗೆ ಕೇಳಿದ ಪ್ರಶ್ನೆಯನ್ನಷ್ಟೇ ದಾಟಿಸುತ್ತಿದ್ದರು. ಇವಳು ಕೆಮ್ಮೊಂದನ್ನು ಬಿಟ್ಟು ಎಲ್ಲವನ್ನೂ ದಾಟಿಸುತ್ತಿದ್ದಳು.

ಒಂದು ಬೆಳಗ್ಗೆ ಒಬ್ಬ ದರ್ಜಿಯನ್ನು ಕರೆತಂದರು. ಎಂಟು ತಿಂಗಳಿಂದ ಒಳಗಿದ್ದ. ಹೆಂಡತಿ, ಮಗಳು ಇದೇ ಊರಿನಲ್ಲಿದ್ದರು. ಹಿಡಿಯುವುದಕ್ಕೂ ಮೊದಲಿನ ಒಂದು ವಿಚಾರಣೆಗೆ ಬರಲಿಲ್ಲವೆಂದು ಗಡೀಪಾರಿನ ಆದೇಶ ಆಗಿಹೋಗಿತ್ತು. ಮರುದಿನದ ವಿಮಾನಕ್ಕೆ ಹೆಸರೂ ಬರೆದಾಗಿತ್ತು. ಏನಾದರೂ ಹೇಳುವುದಿದೆಯೇ ಎಂದು ಕೇಳಿದರೆ ಅವನು ಸುಮ್ಮನೆ ತಲೆ ತಗ್ಗಿಸಿದ.

ಆಗ ಸರ್ಕಾರದ ವಕೀಲ ಮುಂದಕ್ಕೆ ಬಾಗಿ, ದನಿ ತಗ್ಗಿಸಿ, "ನೋಟಿಸ್ ಅವನ ಹಳೇ ಮನೆಗೆ ಹೋಗಿತ್ತು ಸಾರ್, ಕೈಗೆ ಸಿಕ್ಕಿಲ್ಲ. ಆದ್ರೆ ಅವನೇನೂ ಕೇಳ್ತಿಲ್ವಲ್ಲ" ಎಂದ. ಚಿಕ್ಕಮ್ಮ ಅದನ್ನೂ ದರ್ಜಿಯ ಕಿವಿಗೆ ಹಾಕಿದಳು.

"ಅಮ್ಮಾ, ಅದು ನಮ್ಮಿಬ್ಬರ ಮಾತು" ಎಂದರು ನ್ಯಾಯಾಧಿಕಾರಿ.

"ಈ ಕೋಣೇಲೇ ಆಡಿದ್ದಲ್ವಾ ಸಾರ್?" ಎಂದಳು ಚಿಕ್ಕಮ್ಮ. ಆಮೇಲೆ ಅವರ ಮಾತನ್ನೂ ತನ್ನ ಉತ್ತರವನ್ನೂ ದರ್ಜಿಗೆ ತಪ್ಪದೆ ಹೇಳಿ ಮುಗಿಸಿದಳು.

ದರ್ಜಿ ತಲೆ ಎತ್ತಿದ. "ನೋಟಿಸೇ ಬರದಿದ್ರೆ ನಾನು ಬರೋದು ಹೇಗೆ ಸ್ವಾಮಿ? ನನ್ನ ಮಾತೂ ಕೇಳಿ. ನನಗೊಬ್ಬ ವಕೀಲರು ಬೇಕು."

ಬಾಯಿ ಬಿಟ್ಟು ಕೇಳಿದ ಮೇಲೆ ಇಲ್ಲವೆನ್ನಲು ಬರುವಂತಿರಲಿಲ್ಲ. ವಿಮಾನ ಅವನಿಲ್ಲದೆ ಹೋಯಿತು. ಮೂರು ವಾರದ ನಂತರಕ್ಕೆ ದಿನ ಕೊಟ್ಟರು. ಚಿಕ್ಕಮ್ಮನಿಗೆ ಮಾತ್ರ ಮತ್ತೆ ಕಚೇರಿಯಿಂದ ಕರೆ ಬರಲಿಲ್ಲ. ಎರಡು ದಿನ ಅತ್ತಳು. ನನಗಂತೂ ಅವಳ ಮೇಲೆ ಹೇಳತೀರದ ಹೆಮ್ಮೆ.

ಆ ದಿನ ಬಂದಾಗ ನನ್ನನ್ನೂ ಎಳೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ದುಭಾಷಿಯ ಜಾಗದಲ್ಲಿ ಹೊಸಬಳೊಬ್ಬಳಿದ್ದಳು. ದರ್ಜಿಯ ವಕೀಲೆ ವಾದ ಮುಗಿಸಿದ ಮೇಲೆ ನ್ಯಾಯಾಧಿಕಾರಿಯೂ ಸರ್ಕಾರದ ವಕೀಲನೂ ಕಡತ ತಿರುವಿಹಾಕುತ್ತ ಪಿಸುಗುಟ್ಟಿಕೊಂಡರು. ಹೊಸಬಳು ಅದನ್ನು ದಾಟಿಸಲಿಲ್ಲ. ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದು ತುಟಿ ಕಚ್ಚಿಕೊಂಡಿದ್ದಳು. ಅವಳು ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದನ್ನು ನಾನು ಕಂಡಿರಲೇ ಇಲ್ಲ, ಪಾಪ ಅನ್ನಿಸಿತು.

ದರ್ಜಿ ಎದ್ದು ನಿಂತ. "ಅವರಿಬ್ಬರೂ ಈಗ ಏನಂದ್ರು ತಂಗೀ? ಅದನ್ನೂ ಹೇಳಮ್ಮ."

ಹೊಸಬಳು ಅವನ ಪ್ರಶ್ನೆಯನ್ನು ನ್ಯಾಯಾಧಿಕಾರಿಗೆ ದಾಟಿಸಿ ಅವರ ಮುಖ ನೋಡಿದಳು. ಅವರು ಪೆನ್ನು ಕೆಳಗಿಟ್ಟು, "ಹೇಳಿ" ಎಂದರು.

"ನಿಮ್ಮನ್ನ ಇಷ್ಟು ದಿನ ಇಟ್ಕೊಂಡಿದ್ದಕ್ಕೆ ಕಡತದಲ್ಲಿ ಕಾರಣವೇ ಇಲ್ವಲ್ಲ ಅಂತಿದ್ರು, ಅಣ್ಣಾ."