ರಾಯರ ಗೋಡೆಯ ಡಚ್ ಸಂಸಾರ

ನಮ್ಮ ಮ್ಯಾನೇಜರ್ ರಾಯರ ಮಗಳು ಗೋಡೆಯ ಚಿತ್ರದ ಎದುರು ಫೋನ್ ಹಿಡಿದು, ಅದರ ಅಡಿಯಲ್ಲಿದ್ದ ಡಚ್ ಪದ್ಯದ ಅನುವಾದವನ್ನು ಜೋರಾಗಿ ಓದಿದಳು. ಸೋಫಾದಲ್ಲಿದ್ದ ಗಂಡಸರೆಲ್ಲ ಚಿತ್ರದ ಕಡೆ ತಿರುಗಿದೆವು.

ಅದು ಗಲ್ಫಿನಲ್ಲಿ, ವಾದಿ ಕಬೀರ್ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ಶುಕ್ರವಾರದ ಊಟ. ಅಲ್ಲಿಯವರೆಗೂ ಮೈಸೂರಿನ ರಾಯರು ಕಾಲು ಚಾಚಿ ಕೂತು ನಮಗೆ ಗೃಹಿಣೀಧರ್ಮ ಬೋಧಿಸುತ್ತಿದ್ದರು. ಆಧಾರಕ್ಕೆ, ಹೊಸದಾಗಿ ಫ್ರೇಮ್ ಹಾಕಿಸಿದ್ದ ಆ ಹಳೆಯ ಅಚ್ಚುಚಿತ್ರದ ಪ್ರತಿ: ಪೈಪು ಹಿಡಿದು ಒರಗಿದ ಗಂಡ, ನಗುಮುಖದ ಹೆಂಡತಿ, ಸುತ್ತ ಮಕ್ಕಳು.

"ಆಗಿನ ಕಾಲದ ಸಂಸಾರ ನೋಡಿ! ಗಂಡಸಿಗೆ ಎಷ್ಟು ನೆಮ್ಮದಿ!"

ರುಸೈಲ್ ಫ್ಯಾಕ್ಟರಿಯ ಬೆಳಗಿನ ಶಿಫ್ಟ್ ಮುಗಿಸಿ ಬಂದಿದ್ದ ಅವರ ಹೆಂಡತಿ ನಮಗೆಲ್ಲ ಒಬ್ಬರೇ ಬಡಿಸುತ್ತಿದ್ದರು. ನಾವು ತಲೆಯಾಡಿಸುತ್ತ ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆವು.

ಮಗಳು ಓದಿದ್ದು ಬೇರೆಯೇ. ಯಜಮಾನ ಮೈಗಳ್ಳನಾದರೆ ಮನೆ ಹೀಗೆ ಹಾಳಾಗುತ್ತದೆ, ನೋಡಿ ನಾಚಿಕೊಳ್ಳಿ ಎಂದು ಎಚ್ಚರಿಸುವ ಪದ್ಯವದು. ಗಂಡನ ಬೆನ್ನ ಹಿಂದೆ ಬೆಕ್ಕು ತಟ್ಟೆಯ ಮೀನು ಎಳೆದೊಯ್ಯುತ್ತಿದ್ದದ್ದು ಆಗಷ್ಟೇ ನಮಗೆ ಕಂಡಿತು.

"ಖಲಾಸ್, ತೆಗೆದುಬಿಡೇ ಅದನ್ನ. ನನ್ನ ಕಣ್ಣಿಗೆ ಬೀಳದ ಕಡೆ ಇಡು" ಎಂದು ರಾಯರು ಹೆಂಡತಿಯ ಮೇಲೆ ಸಿಡುಕಿದರು.

ಮುಂದಿನ ತಿಂಗಳು ಊಟಕ್ಕೆ ಹೋದಾಗ, ಆ ಮನೆಯಲ್ಲಿ ಮೊದಲ ಬಾರಿಗೆ ನನ್ನ ತಟ್ಟೆಯನ್ನು ನಾನೇ ಅಡುಗೆಮನೆಗೆ ಒಯ್ದೆ. ಸಿಂಕಿನ ಮೇಲೆ, ಎದ್ದು ಕಾಣುವಂತೆ, ಅದೇ ಚಿತ್ರ. ನಾನು ಬೆಚ್ಚಿದ್ದು ಕಂಡು ಆಕೆ ಪಾತ್ರೆ ಉಜ್ಜುತ್ತಲೇ ಹೇಳಿದರು: "ಅವರ ಕಣ್ಣಿಗೆ ಬೀಳದ ಜಾಗ ಈ ಮನೇಲಿ ಇದೊಂದೇ ಇರೋದು."